ದುಂಪರಾಷ್ಟ್ರ, ಮಜ್ಜಿಗೆಹುಲ್ಲು, ಒಣಸೀಗಡಿ

ನನ್ನ ಅಣ್ಣ ಬ್ಯಾಂಕಾಕಿನ ಒಂದು ಕಂಪನಿಯಲ್ಲಿ ಆರು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಕಂಪನಿ ಮುಚ್ಚಿತು. ಅಲ್ಲಿಯೇ ಮದುವೆಯಾಗಿದ್ದ ಥಾಯ್ ಹೆಂಡತಿಯನ್ನು ಕರೆದುಕೊಂಡು ಅವನು ಮುಳಬಾಗಿಲಿಗೆ ವಾಪಸು ಬಂದ. ಮದುವೆಯ ಸುದ್ದಿ ನಮಗೆ ತಿಳಿದದ್ದು ಅವರು ಬರುವುದಕ್ಕೆ ಎರಡು ವಾರ ಮುಂಚೆ, ಏರ್‌ಮೇಲ್ ಕಾಗದದಲ್ಲಿ. ಅಮ್ಮ ಅದನ್ನು ನನ್ನಿಂದ ಮೂರು ಸಲ ಓದಿಸಿದಳು. ಮೂರನೆಯ ಸಲ ಓದಿ ಮುಗಿಸಿದಾಗ, "ಏಮಿ ತಿಂಟಾರು ವಾಳ್ಳು?" ಅಂದಳು. ಅವರು ಏನು ತಿಂತಾರೆ ಅಂತ. ಸಿಟ್ಟು ಬಂದಾಗ, ಹೆದರಿದಾಗ ಅಮ್ಮನ ಬಾಯಲ್ಲಿ ತೆಲುಗೇ ಬರುತ್ತಿತ್ತು. ಹುಡುಗಿ ಹೇಗಿದ್ದಾಳೆ, ಯಾರ ಮಗಳು, ಏನು ಓದಿದ್ದಾಳೆ ಅಂತ ಅವಳು ಕೇಳಲೇ ಇಲ್ಲ.

ನಮ್ಮದು ಪೌರೋಹಿತ್ಯದ ಮನೆ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದರೂ ಅವರ ಕಾಲದ ಮಡಿ ಮೈಲಿಗೆ ಒಂದಿಷ್ಟೂ ಸಡಿಲವಾಗಿರಲಿಲ್ಲ. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ನಾನು ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ, ಮದುವೆಯಾಗಿರಲಿಲ್ಲ. ಅತ್ತಿಗೆ ಬಂದ ಮೊದಲ ದಿನವೇ ಅಮ್ಮ ಅವರಿಗೆ ಹೊಸ ಹೆಸರಿಟ್ಟಳು. ಆ ಹೆಸರು ಹಿಡಿದು ಕೂಗಿದರೆ ಅತ್ತಿಗೆ ತಿರುಗಿ ನೋಡುತ್ತಿರಲಿಲ್ಲ. ತಮ್ಮನ್ನೇ ಕರೆಯುತ್ತಿದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? "ಪಾಪ, ಕಿವಿ ಸ್ವಲ್ಪ ಮಂದ" ಅಂತ ಅಮ್ಮ ಅಕ್ಕಪಕ್ಕದವರಿಗೆ ಹೇಳಿದಳು. ಆ ಮಾತು ಒಂದು ವಾರದಲ್ಲಿ ಬೀದಿಯೆಲ್ಲ ಸುತ್ತಿತು. ಜನ ಅವರ ಜೊತೆ ಕಿರುಚಿ ಮಾತಾಡತೊಡಗಿದರು.

ಅಡುಗೆಮನೆಯ ಹೊಸ್ತಿಲು ಅವರು ದಾಟುವಂತಿರಲಿಲ್ಲ. ಊಟ ನಡುಮನೆಗೆ ಬರುತ್ತಿತ್ತು. ಸಾರು, ಪಲ್ಯ, ಅನ್ನ, ಮಜ್ಜಿಗೆ. ಅತ್ತಿಗೆ ಎಲ್ಲವನ್ನೂ ತಿನ್ನುತ್ತಿದ್ದರು, ಕೈ ಮುಗಿಯುತ್ತಿದ್ದರು. ಇಂಗಿನ ವಾಸನೆ ಮಾತ್ರ ಅವರಿಗೆ ಸೇರುತ್ತಿರಲಿಲ್ಲ. ಒಗ್ಗರಣೆಯ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ಒಂದು ದಿನ ಮಧ್ಯಾಹ್ನ ಪಕ್ಕದ ಮನೆಯವರು ಬಂದು ಅಣ್ಣನನ್ನು ಕೇಳಿದರು, "ಅಷ್ಟು ವರ್ಷ ಊಟಕ್ಕೆ ಏನ್ ಮಾಡ್ಕೊಂಡಿದ್ಯಪ್ಪಾ?" ಅಂತ.

"ಬ್ರೆಡ್ಡು, ಹಣ್ಣು, ಹಾಲು. ಅನ್ನ ಮಾಡ್ಕೊಂಡು ಮೊಸರಲ್ಲಿ ಕಲಸಿ ತಿಂತಿದ್ದೆ," ಅಂದ.

ಅಮ್ಮನ ಮುಖ ಅರಳಿತು. ಏನು ಮಾತಾಡಿದರು ಅಂತ ಅತ್ತಿಗೆ ನನ್ನ ಕೇಳಿದರು. ನನಗೆ ಬರುವ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅಣ್ಣನ ಕಡೆ ನೋಡಿದರು. ಅವನು ಪೇಪರ್ ಬಿಡಿಸಿಕೊಂಡ. ಸಂಜೆ ಅವರು ಸೂಟ್‌ಕೇಸಿನಿಂದ ಆಲ್ಬಮ್ ತೆಗೆದು ನನಗೊಬ್ಬಳಿಗೇ ತೋರಿಸಿದರು. ಸಮುದ್ರದ ದಂಡೆಯ ಮೇಲೆ ಒಂದು ಮೇಜು. ಅಣ್ಣ ಏಡಿಯ ಕಾಲನ್ನು ಹಲ್ಲಿನಲ್ಲಿ ಕಚ್ಚಿ ಮುರಿಯುತ್ತಿದ್ದಾನೆ, ಗಲ್ಲದ ಮೇಲೆ ರಸ ಇಳಿದಿದೆ, ನಗುತ್ತಿದ್ದಾನೆ. ಅಷ್ಟು ಸುಖವಾಗಿ ಅವನು ನಕ್ಕಿದ್ದನ್ನು ನಾನು ನಮ್ಮ ಮನೆಯಲ್ಲಿ ಕಂಡಿರಲಿಲ್ಲ. ಅವನು ತಿಂದದ್ದಕ್ಕೆ ನನಗೆ ಕೋಪ ಬರಲಿಲ್ಲ. ಆ ಸುಳ್ಳಿನಿಂದ ಹೆಂಡತಿಯೊಬ್ಬಳನ್ನೇ ಮೈಲಿಗೆ ಮಾಡಿ, ತಾನು ಮಡಿಯಲ್ಲಿ ಕೂತನಲ್ಲ, ಅದಕ್ಕೆ ಬಂತು. ಆ ಕೋಪ ಇವತ್ತಿಗೂ ಇದೆ.

ಐದಾರು ತಿಂಗಳಾಗುವಷ್ಟರಲ್ಲಿ ಅತ್ತಿಗೆ ಬಸುರಾದರು. ಆಮೇಲೆ ಅನ್ನದ ಅಗುಳು ಒಳಗೆ ಇಳಿಯಲಿಲ್ಲ. ಸಾರಿನ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ವಾಂತಿ. ಕೆನ್ನೆಯ ಮೂಳೆ ಎದ್ದು ಕಂಡಿತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕೋಲಾರದ ಲೇಡಿ ಡಾಕ್ಟರು ತೂಕ ನೋಡಿ ನನ್ನನ್ನೇ ಗದರಿದರು. "ಏನಮ್ಮಾ, ಮನೇಲಿ ಊಟ ಹಾಕಲ್ವಾ? ಅವರು ಏನು ಕೇಳ್ತಾರೋ ಅದನ್ನ ಕೊಡಿ, ಅಷ್ಟೇ ಔಷಧಿ," ಅಂದರು.

ಬಸುರಿಯ ಬಯಕೆ ತೀರಿಸುವುದು ನಮ್ಮ ಮನೆಯಲ್ಲಿ ವ್ರತವಿದ್ದ ಹಾಗೆ. ನಮ್ಮ ಚಿಕ್ಕಮ್ಮ ಬಸುರಿದ್ದಾಗ ಅಕಾಲದಲ್ಲಿ ನೇರಳೆಹಣ್ಣು ಕೇಳಿದರು ಅಂತ ಅಪ್ಪ ಮೂರು ಊರು ತಿರುಗಿದ್ದರಂತೆ. ಅಮ್ಮ ಆ ಕತೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಈ ಸೊಸೆಗೂ ಹುಣಸೆ ಕುಟ್ಟಿ ಚಿಗಳಿ ಮಾಡಿದಳು, ಕೋಡುಬಳೆ ಮಾಡಿದಳು, ಹಸಿರು ಸೀರೆ ಉಡಿಸಿ ಕೈತುಂಬ ಬಳೆ ತೊಡಿಸಿ ಫೋಟೋ ತೆಗೆಸಿದಳು. ಆದರೆ ನಿನಗೆ ಏನು ತಿನ್ನಬೇಕು ಅನ್ನಿಸುತ್ತದೆ ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

ಕೇಳಿದವಳು ನಾನು. ಅತ್ತಿಗೆ ನನ್ನ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದರು. ಉದ್ದ ಎಲೆಯ ಒಂದು ಹುಲ್ಲಿನ ಬುಡ. ಶುಂಠಿಯಂಥದ್ದೇ ಒಂದು ಗೆಡ್ಡೆ, ಮೈಮೇಲೆಲ್ಲ ಬಳೆ ತೊಟ್ಟಂತೆ ಗೆರೆ. ಒಂದರ ತುದಿಗೆ ಇನ್ನೊಂದು ಅಂಟಿಕೊಂಡ ಜೋಡಿ ಎಲೆ. ತೆನೆಯಂತೆ ಹೂಬಿಟ್ಟ ಒಂದು ಗಿಡ. ಒಂದೊಂದರ ಕೆಳಗೂ ಅವರ ಭಾಷೆಯ ಹೆಸರನ್ನು ನನ್ನಿಂದ ಕನ್ನಡದಲ್ಲಿ ಬರೆಸಿದರು. ತಾಕ್ರಾಯ್, ಖಾ, ಮಕ್ರೂತ್, ಹೊರಾಪಾ. ಇಷ್ಟಿದ್ದರೆ ಹುಳಿಹುಳಿಯಾಗಿ ಖಾರಖಾರವಾಗಿ ಒಂದು ಸಾರು ಮಾಡಿ ಕುಡಿಯುತ್ತೇನೆ, ಅದು ಒಳಗೆ ನಿಲ್ಲುತ್ತದೆ ಅಂದರು.

ಮುಳಬಾಗಿಲಿನ ದಿನಸಿ ಅಂಗಡಿಯಲ್ಲಿ, ಥಾಯ್ ಅಡುಗೆ ಸಾಮಾನು ಇದೆಯಾ ಅಂತ ಕೇಳಿದೆ. "ತಾಯಿ ಅಡುಗೆನಾ? ಯಾರ ತಾಯೀಮ್ಮಾ?" ಅಂದ ಅಂಗಡಿಯವನು. ನಿಂತಿದ್ದವರೆಲ್ಲ ನಕ್ಕರು. ಅವರು ನಗುತ್ತಿದ್ದುದು ಮಾತಿಗಲ್ಲ, ನನ್ನ ಪಕ್ಕ ನಿಂತಿದ್ದ ಅತ್ತಿಗೆಯ ಮುಖಕ್ಕೆ ಅಂತ ನನಗೆ ಗೊತ್ತಿತ್ತು.

ಭಾನುವಾರ ಇಬ್ಬರೂ ಕೋಲಾರದ ಬಸ್ಸು ಹತ್ತಿದೆವು. ಡಾಕ್ಟರ ಹತ್ತಿರ ಅಂತ ಅಮ್ಮನಿಗೆ ಹೇಳಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಒಬ್ಬಾಕೆ ಅತ್ತಿಗೆಯ ಸೆರಗು ಹಿಡಿದು, "ಸ್ವೆಟರ್ ಎಷ್ಟು?" ಅಂದಳು. ಚಳಿಗಾಲದಲ್ಲಿ ಟಿಬೆಟ್‌ನವರು ಅಲ್ಲೇ ರಸ್ತೆಯ ಬದಿ ಸ್ವೆಟರ್ ಹರಡಿಕೊಂಡು ಕೂರುತ್ತಿದ್ದರು. ಸೀರೆ ಉಟ್ಟು, ತಾಳಿ ಕಟ್ಟಿಕೊಂಡು, ಆರು ತಿಂಗಳ ಬಸುರಿ ನಿಂತಿದ್ದರೂ ಕಣ್ಣು ಸಣ್ಣಗಿದ್ದರೆ ಸ್ವೆಟರ್ ಮಾರುವವಳೇ. ಅವಳು ಏನು ಕೇಳಿದಳು ಅಂತ ಅತ್ತಿಗೆ ವಿಚಾರಿಸಿದರು. ಸೀರೆ ಚೆನ್ನಾಗಿದೆ ಅಂದಳು ಅಂತ ನಾನು ಹೇಳಿದೆ. ಆ ದಿನ ಅದೇ ಪ್ರಶ್ನೆಯನ್ನು ಇನ್ನಿಬ್ಬರು ಕೇಳಿದರು. ಮೂರನೆಯವಳ ಹೊತ್ತಿಗೆ ಅತ್ತಿಗೆಗೆ 'ಸ್ವೆಟರ್' ಅನ್ನುವುದು ಸರಿಯಾಗಿ ಕೇಳಿಸಿತ್ತು. ನನ್ನ ಕಡೆ ನೋಡಿ, ಮುಂದೆ ನಡೆದರು.

ಆಗ ಕೋಲಾರದಲ್ಲಿ ಹೊಸದಾಗಿ ಒಂದು ಡಿಪಾರ್ಟ್‌ಮೆಂಟಲ್ ಸ್ಟೋರು ಬಂದಿತ್ತು. ಗಾಜಿನ ಬಾಗಿಲು, ಬುಟ್ಟಿ ಹಿಡಿದು ನಾವೇ ಆರಿಸಿಕೊಳ್ಳುವ ಏರ್ಪಾಡು. ಅದರ ಮಾಲೀಕ ಅತ್ತಿಗೆಯನ್ನು ಮೇಲಿನಿಂದ ಕೆಳಗೆ ನೋಡಿ, ಒಂದು ಸೋಯಾ ಸಾಸಿನ ಬಾಟಲಿ, ಒಂದು ಟೇಸ್ಟಿಂಗ್ ಪೌಡರ್ ಪೊಟ್ಟಣ ತಂದು ಕೌಂಟರ್ ಮೇಲೆ ಕುಕ್ಕಿದ. "ತಗೊಳ್ಳಿ, ನಿಮ್ಮೂರ್ದೇ. ಗೋಬಿ ಮಂಚೂರಿಗೆ ಹಾಕ್ತಾರಲ್ಲ."

"ಇದಲ್ಲ ಸಾರ್," ಅಂತ ಚಿತ್ರದ ಹಾಳೆ ತೋರಿಸಿದೆ. ಅವನು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ಹುಲ್ಲು ಗಿಲ್ಲು ಎಲ್ಲ ನಾವು ಮಾರಲ್ಲಮ್ಮ. ಅಂಥದ್ದೆಲ್ಲ ಬೇಕಾದ್ರೆ ಬೆಂಗಳೂರಿಗೆ ಹೋಗಿ."

ಹೊರಗೆ ಬಂದಾಗ ನನ್ನ ಕಿವಿ ಬಿಸಿಯಾಗಿತ್ತು. ಅತ್ತಿಗೆ ಮಾತ್ರ ಮೂಗು ಅರಳಿಸಿ ಗಾಳಿ ಹಿಡಿಯುತ್ತಿದ್ದರು. ನನ್ನ ಕೈ ಹಿಡಿದು ಎಳೆದುಕೊಂಡೇ ಮುಂದಿನ ಓಣಿಗೆ ಹೋದರು. ಅಲ್ಲೊಂದು ಗ್ರಂಥಿಗೆ ಅಂಗಡಿ. ಬೇರು, ಚಕ್ಕೆ, ಕಾಯಿ, ಪೂಜೆ ಸಾಮಾನು, ಮನೆಮದ್ದಿನ ಸರಕು ಎಲ್ಲ ಗೋಣಿಚೀಲದ ಬಾಯಿ ತೆರೆದು ಸಾಲಾಗಿ ಇಟ್ಟಿದ್ದರು. ಅತ್ತಿಗೆ ಬಗ್ಗಿ ಒಂದು ಚೀಲಕ್ಕೆ ಕೈಹಾಕಿ, ಒಣಗಿದ ಕೆಂಪು ಬೇರಿನ ತುಂಡು ತೆಗೆದು ಮೂಗಿಗೆ ಹಿಡಿದರು. "ಖಾ," ಅಂದರು. ಕಣ್ಣಲ್ಲಿ ನೀರು.

"ದುಂಪರಾಷ್ಟ್ರ ಅದು. ಯಾರಿಗೆ ಕೆಮ್ಮು?" ಅಂತ ಅಂಗಡಿಯ ಮುದುಕರು ಕೇಳಿದರು.

ದುಂಪರಾಷ್ಟ್ರ. ನನಗೆ ಚಿಕ್ಕಂದಿನಲ್ಲಿ ಕೆಮ್ಮು ಬಂದಾಗಲೆಲ್ಲ ಅಮ್ಮ ಅದನ್ನು ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುತ್ತಿದ್ದಳು. ನಮ್ಮ ಅಡುಗೆಮನೆಯ ಮದ್ದಿನ ಡಬ್ಬಿಯಲ್ಲೇ ಅದು ಇತ್ತು. ಅತ್ತಿಗೆ ಕಾಲಿಡಬಾರದಾಗಿದ್ದ ಆ ಅಡುಗೆಮನೆಯಲ್ಲಿ.

ಹಸಿ ಗೆಡ್ಡೆ ಬೇಕಾದರೆ ತರಿಸಿಕೊಡುತ್ತೇನೆ ಅಂದರು ಆ ಮುದುಕರು. ಚಿತ್ರದ ಹಾಳೆಯನ್ನು ಕನ್ನಡಕ ಹಾಕಿಕೊಂಡು ನೋಡಿ, ಹುಲ್ಲಿನ ಮೇಲೆ ಬೆರಳಿಟ್ಟು, "ಇದು ನಿಮ್ಮಗಡ್ಡಿ. ಮಜ್ಜಿಗೆಹುಲ್ಲು ಅಂತೀವಲ್ಲ. ಅಂಗಡೀಲಿ ಸಿಗಲ್ಲಮ್ಮಾ, ಹಳ್ಳಿ ಕಡೆ ಹಿತ್ಲಲ್ಲಿ ಬೆಳ್ಕೊಂಡಿರ್ತಾರೆ," ಅಂದರು. ಹೂತೆನೆಯ ಗಿಡ ನೋಡಿ ನಕ್ಕು, ಹೂವಿನ ಸಾಲಿನ ಕಡೆ ಕೈ ತೋರಿಸಿದರು.

ಹೂವಿನ ಸಾಲಿನಲ್ಲಿ ಮರುಗ, ದವನದ ಪಕ್ಕದಲ್ಲೇ ಕಾಮಕಸ್ತೂರಿ ರಾಶಿ ಬಿದ್ದಿತ್ತು. ಅತ್ತಿಗೆ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡರು.

"ಅಯ್ಯೋ, ತಿನ್ಬೇಡಮ್ಮಾ, ದೇವ್ರಿಗೆ ಮುಡಿಸೋದು ಅದು," ಅಂದಳು ಹೂವಿನವಳು.

ನಾನು, ಬಸುರಿ, ಬಯಕೆ ಅಂದೆ. ಹೂವಿನವಳು ಅತ್ತಿಗೆಯ ಹೊಟ್ಟೆ ನೋಡಿದಳು, ಮುಖ ನೋಡಿದಳು. ಒಂದು ಹಿಡಿ ತುಂಬ ಕಾಮಕಸ್ತೂರಿ ಬಾಳೆಲೆಯಲ್ಲಿ ಸುತ್ತಿ ಅವರ ಕೈಗಿಟ್ಟು, "ತಿನ್ನು ತಾಯಿ, ಹೊಟ್ಟೇಲಿರೋದೂ ದೇವ್ರೇ," ಅಂದಳು. ಆಕೆ ಯಾರೋ, ಯಾವ ಊರಿನವಳೋ. ನಮ್ಮ ಮನೆಯಲ್ಲಿ ವರ್ಷ ಪೂರ್ತಿ ಹುಟ್ಟದ ಒಂದು ಮಾತು ಆಕೆಯ ಬಾಯಲ್ಲಿ ಅರ್ಧ ನಿಮಿಷದಲ್ಲಿ ಬಂತು.

ನಮ್ಮ ಶಾಲೆಯ ಹೆಡ್‌ಮಿಸ್ಸಿನ ತವರು ಸುಗಟೂರು. ವಾರದೊಳಗೆ ಅವರು ತಮ್ಮ ಅಣ್ಣನ ಹಿಪ್ಪುನೇರಳೆ ತೋಟದ ಬದುವಿನಿಂದ ಮಜ್ಜಿಗೆಹುಲ್ಲನ್ನು ಬುಡಸಮೇತ ತರಿಸಿಕೊಟ್ಟರು, ಒಂದು ಬುಡ ನಮ್ಮ ಹಿತ್ತಲಲ್ಲಿ ನೆಟ್ಟೆವು. ಜೋಡಿ ಎಲೆಯ ನಿಂಬೆ ಮಾತ್ರ ಎಲ್ಲೂ ಸಿಗಲಿಲ್ಲ. ನಮ್ಮ ಹಿತ್ತಲಿನ ಹೇರಳೆ ಗಿಡದ ಎಲೆಯನ್ನು ಅತ್ತಿಗೆ ಕಿವುಚಿ ಮೂಸಿ, ನಡೆಯುತ್ತದೆ ಅಂದರು. ಶ್ರೀನಿವಾಸಪುರದ ಮಂಡಿಯಿಂದ ಕಾಯಿಮಾವು ತಂದೆವು. ಅದನ್ನು ಎಳೆಎಳೆಯಾಗಿ ಹೆಚ್ಚಿ ಬೆಲ್ಲ, ಹಸಿಮೆಣಸಿನಕಾಯಿ, ಹುರಿದ ಕಡಲೇಬೀಜ ಕುಟ್ಟಿ ಕಲಸಿ ನನಗೂ ತಿನ್ನಿಸಿದರು. ಇಷ್ಟು ದಿನ ಕಾಯಿಮಾವಿನಿಂದ ಉಪ್ಪಿನಕಾಯಿ, ಚಿತ್ರಾನ್ನ ಬಿಟ್ಟರೆ ನಾವು ಬೇರೇನೂ ಮಾಡಿರಲಿಲ್ಲವಲ್ಲ ಅಂತ ನನಗೆ ಆಶ್ಚರ್ಯವಾಯಿತು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ತಗಡಿನ ಸೂರಿನ ಕೆಳಗೆ, ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡು ಅತ್ತಿಗೆ ಸಾರು ಕಾಯಿಸಿದರು. ಎಲ್ಲ ಎಲೆ, ಬೇರು, ಹುಲ್ಲು ತಾನೇ, ಅಮ್ಮ ಮುಖ ಸಿಂಡರಿಸಿಕೊಂಡು ಸುಮ್ಮನಿದ್ದಳು. ಅತ್ತಿಗೆ ಎರಡು ಬಟ್ಟಲು ಕುಡಿದರು. ವಾಂತಿಯಾಗಲಿಲ್ಲ. ಆದರೆ ಖಾಲಿ ಬಟ್ಟಲು ಕೆಳಗಿಟ್ಟು, "ಉಪ್ಪಿದೆ ಪಾಪ, ಸಮುದ್ರ ಇಲ್ಲ," ಅಂದರು. ಪಾಪ ಅನ್ನುವುದು ನನಗೆ. ನಮ್ಮ ಕಡೆ ಚಿಕ್ಕ ಹುಡುಗಿಯರನ್ನು ಹಾಗೆ ಕರೆಯುವುದನ್ನು ಕೇಳಿ ಕಲಿತಿದ್ದರು.

ಅವರಿಗೆ ಬೇಕಾಗಿದ್ದುದು ಮೀನು. ಅವರ ಊರಿನಲ್ಲಿ ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ತೆಗೆದ ನೀರನ್ನು ಎಲ್ಲದಕ್ಕೂ ಹಾಕುತ್ತಾರಂತೆ. ಅದು ಇಲ್ಲಿ ಸಿಗುವ ಮಾತೇ ಇರಲಿಲ್ಲ. ಒಣಸೀಗಡಿ ಆದರೂ ಆದೀತು ಅಂದರು. ಮುಳಬಾಗಿಲಿನ ಸಂತೆಯಲ್ಲಿ ಒಣಮೀನಿನ ಸಾಲಿಗೆ ನಾನು ಕಾಲಿಟ್ಟರೆ ಮಧ್ಯಾಹ್ನದೊಳಗೆ ಅಮ್ಮನಿಗೆ ತಿಳಿಯುತ್ತಿತ್ತು. ಅದಕ್ಕೆ ಯಾರೂ ಗುರುತಿಲ್ಲದ ಮಾಲೂರಿನ ಸಂತೆಗೆ ಹೋದೆವು. ಎರಡು ಬಸ್ಸು ಬದಲಿಸಿ ಹೋಗಿ ಸೇರುವಷ್ಟರಲ್ಲಿ ಅತ್ತಿಗೆಯ ಕಾಲು ಊದಿಕೊಂಡಿತ್ತು. ಅವರನ್ನು ಒಂದು ಮರದಡಿ ಕೂರಿಸಿ ನಾನೊಬ್ಬಳೇ ಒಣಮೀನಿನ ಸಾಲಿಗೆ ಹೋದೆ. ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದೆ.

"ಅಯ್ನೋರ ಮನೆಯವ್ರ ಥರ ಕಾಣ್ತೀರ, ನಿಮಗ್ಯಾಕಮ್ಮಾ ಇದು?" ಅಂದಳು ಮಾರುವವಳು.

"ಬಸುರಿಗೆ," ಅಂದೆ. ಅವಳು ಸಣ್ಣ ಸೀಗಡಿ ಆರಿಸಿ, ಪೇಪರಿನಲ್ಲಿ ಎರಡು ಸುತ್ತು ಸುತ್ತಿ ಕೊಟ್ಟಳು. ಅದನ್ನು ನನ್ನ ಶಾಲೆಯ ಬಟ್ಟೆಚೀಲದಲ್ಲಿ ಹಾಕಿಕೊಂಡೆ.

ಮಾರನೆಯ ದಿನ ಅಮ್ಮ ಒಂದು ನಾಮಕರಣಕ್ಕೆ ಹೋಗಿದ್ದಳು. ಆ ಹೊತ್ತಿನಲ್ಲಿ ಅತ್ತಿಗೆ ಸಾರು ಮಾಡಿದರು. ಒಗೆಯುವ ಕಲ್ಲಿನ ಮೇಲೆ ಕೂತು ಮೂರು ಬಟ್ಟಲು ಕುಡಿದರು. ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತು. ಆಮೇಲೆ ನಡುಮನೆಯ ಬರಿನೆಲದ ಮೇಲೆ ಮಗ್ಗುಲಾದವರು ಸಂಜೆಯವರೆಗೆ ಅಲ್ಲಾಡದೆ ಮಲಗಿದರು. ಅವರು ಹಾಗೆ ನಿದ್ದೆ ಮಾಡಿದ್ದನ್ನು ನಮ್ಮ ಮನೆಗೆ ಬಂದಮೇಲೆ ಅದೇ ಮೊದಲು ನೋಡಿದೆ. ಆ ಸಾರನ್ನು ಅಣ್ಣನೂ ಕುಡಿದ. ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡು, ನಿಂತೇ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟ.

ಉಳಿದ ಸೀಗಡಿಯನ್ನು ಬಚ್ಚಲುಮನೆಯ ಅಟ್ಟದ ಮೇಲೆ, ಹಳೇ ಹಂಡೆಯ ಹಿಂದೆ ಇಟ್ಟಿದ್ದೆವು. ಹದಿನೈದು ದಿನ ನಡೆಯಿತು. ಒಂದು ದಿನ ನಾನು ಶಾಲೆಯಿಂದ ಬಂದಾಗ ಪೊಟ್ಟಣ ಹಿತ್ತಲಿನ ಮಧ್ಯೆ ಬಿಚ್ಚಿಕೊಂಡು ಬಿದ್ದಿತ್ತು. ಅಮ್ಮ ಒದ್ದೆ ಸೀರೆಯಲ್ಲಿ ನಿಂತಿದ್ದಳು. ಅತ್ತಿಗೆ ಗೋಡೆಗೆ ಒರಗಿಕೊಂಡಿದ್ದರು. ಅಣ್ಣ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತು ಪೇಪರ್ ಹಿಡಿದಿದ್ದ.

ಅಮ್ಮ ನನ್ನನ್ನು ಕೇಳಿದಳು. "ಇದು ಯಾರು ತಂದಿದ್ದು?"

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು.

"ನಂಗೊತ್ತಿಲ್ಲ," ಅಂದೆ.

"ನಿನಗೆ ಗೊತ್ತಿಲ್ದೆ ಬಂತಾ?"

"ಗೊತ್ತಿಲ್ಲಮ್ಮ. ಅವರೇ ತಂದಿರ್ಬೇಕು."

ನಾನು ಹಾಗೆ ಯಾಕೆ ಹೇಳಿದೆ ಅಂತ ಸಾವಿರ ಸಲ ಯೋಚಿಸಿದ್ದೇನೆ. ಹೆದರಿಕೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗಲಿಲ್ಲ. ಅಮ್ಮ ಒಣಸೀಗಡಿಯ ಜೊತೆಗೆ ಮಜ್ಜಿಗೆಹುಲ್ಲಿನ ಬುಡ ಕಿತ್ತಳು, ದುಂಪರಾಷ್ಟ್ರ ಬಿಸಾಕಿದಳು, ಕಾಮಕಸ್ತೂರಿ ಬಿಸಾಕಿದಳು, ಅತ್ತಿಗೆ ಸಾರು ಕಾಯಿಸುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಎಸೆದಳು. ಮನೆಯೆಲ್ಲ ಗೋಮೂತ್ರ ಚಿಮುಕಿಸಿದಳು. ಅಣ್ಣ ಪೇಪರ್ ಮಡಿಸಲೇ ಇಲ್ಲ. ಎಂಟನೇ ತಿಂಗಳಿನಲ್ಲಿ ಅತ್ತಿಗೆ ಆ ಮನೆ ಬಿಟ್ಟರು. ಅಣ್ಣ ಕೋಲಾರದಲ್ಲಿ ಒಂದು ಬಾಡಿಗೆ ಮನೆ ಮಾಡಿದ. ಮಗಳು ಹುಟ್ಟಿದ್ದು ಅಲ್ಲಿಯೇ. ಅಮ್ಮ ಬೆಳ್ಳಿ ಬಟ್ಟಲು ಹಿಡಿದುಕೊಂಡು ಹೋಗಿ ಮಗುವನ್ನು ನೋಡಿಕೊಂಡು ಬಂದಳು. ಅಲ್ಲಿ ನೀರು ಕೂಡ ಕುಡಿಯಲಿಲ್ಲ.

ಆಮೇಲೆ ಅಣ್ಣನಿಗೆ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಗೇ ಹೋದರು. ಎರಡು ಸಾವಿರದ ಇಸವಿ ದಾಟಿತ್ತು. ಫ್ಯಾಕ್ಟರಿಗೆ ಹೊರದೇಶದ ಎಂಜಿನಿಯರುಗಳು ಬರುತ್ತಿದ್ದರು. ಅಣ್ಣ ಅವರನ್ನು ಊಟಕ್ಕೆ ಕರೆದುಕೊಂಡು ಬಂದು, "ನನ್ನ ವೈಫ್ ಕೈ ಅಡುಗೆ ತಿನ್ನಿ, ಬೆಂಗಳೂರಲ್ಲೂ ಇಂಥದ್ದು ಸಿಗಲ್ಲ," ಅಂತ ಎದೆಯುಬ್ಬಿಸಿ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ. ಅವನ ಕಾಲರ್ ಹಿಡಿಯಬೇಕು ಅನ್ನಿಸಿತು. ಅತ್ತಿಗೆಯ ಹಿತ್ತಲಿನಲ್ಲಿ ಮಜ್ಜಿಗೆಹುಲ್ಲು ಸೊಂಟದೆತ್ತರ ಬೆಳೆದಿತ್ತು. ಸಂತೆಯಲ್ಲಿ ಒಣಸೀಗಡಿಯವಳು ಅವರಿಗೆಂದೇ ಒಳ್ಳೆಯದನ್ನು ಎತ್ತಿಡುತ್ತಿದ್ದಳು. ಅವರ ಬಾಯಲ್ಲಿ ನಮ್ಮ ಕೋಲಾರದ ಕನ್ನಡ ನೀರಿನ ಹಾಗೆ ಹರಿಯುತ್ತಿತ್ತು. ನನ್ನ ಜೊತೆ ಚೆನ್ನಾಗಿಯೇ ಇದ್ದರು. ಆ ದಿನದ ಮಾತನ್ನು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸೀಗಡಿಯ ಆ ದಿನ ಕಳೆದು ಹತ್ತು ವರ್ಷವಾಗುತ್ತ ಬಂದಿರಬೇಕು. ಬೇಸಿಗೆ ರಜೆಗೆ ಚಿಕ್ಕಪ್ಪನ ಸೊಸೆ ಬೆಂಗಳೂರಿನಿಂದ ಮುಳಬಾಗಿಲಿಗೆ ಬಂದಳು. ಬರುವಾಗ ಅಲ್ಲಿನ ಒಂದು ದೊಡ್ಡ ಅಂಗಡಿಯಿಂದ ಪೊಟ್ಟಣ ತಂದಿದ್ದಳು. ಬಿಳಿ ತಟ್ಟೆಯಲ್ಲಿ ಎರಡು ಕಡ್ಡಿ ಮಜ್ಜಿಗೆಹುಲ್ಲು, ಹೆಬ್ಬೆರಳು ಗಾತ್ರದ ದುಂಪರಾಷ್ಟ್ರ, ನಾಲ್ಕು ಎಲೆ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಜೊತೆಗೆ ಡಬ್ಬಿಯಲ್ಲಿ ತೆಂಗಿನ ಹಾಲು. ತೆಂಗಿನಕಾಯಿ ರಾಶಿ ಬಿದ್ದಿರುವ ಮನೆಗೆ. ಅವಳು ಅಮ್ಮನ ಅಡುಗೆಮನೆಯಲ್ಲೇ, ಅಮ್ಮನ ಒಲೆಯ ಮೇಲೇ, ಥಾಯ್ ಕರಿ ಮಾಡಿದಳು.

ಅಮ್ಮ ಎರಡು ಸಲ ಹಾಕಿಸಿಕೊಂಡಳು. "ಘಮಘಮ ಅಂತಿದೆ ಕಣೇ. ಏನದು ಹುಲ್ಲು?"

"ಲೆಮನ್‌ಗ್ರಾಸ್ ಅತ್ತೆ. ಈ ಕಡೆಯೆಲ್ಲ ಸಿಗಲ್ಲ, ಬೆಂಗಳೂರಲ್ಲೇ ತಗೋಬೇಕು," ಅಂದಳು ಅವಳು.

ನಾನು ತುತ್ತನ್ನು ಎಲೆಯ ಮೇಲೆ ಇಟ್ಟೆ.

"ಸುಗಟೂರಲ್ಲಿ ಸಿಗತ್ತೆ," ಅಂದೆ. "ನಿನ್ನ ಕೆಮ್ಮಿನ ಡಬ್ಬೀಲೇ ದುಂಪರಾಷ್ಟ್ರನೂ ಸಿಗತ್ತಮ್ಮ. ಆ ಹುಲ್ಲು ಈ ಹಿತ್ಲಲ್ಲೇ ಬೆಳೆದಿತ್ತು, ನೀನೇ ಕಿತ್ತು ಬಿಸಾಕಿದೆ. ನೆನಪಿಲ್ವಾ?"

ಅಮ್ಮ ತಣ್ಣಗೆ ಹೇಳಿದಳು. "ಇದು ಶುದ್ಧ ಸಸ್ಯಾಹಾರ. ಅವಳು ಮನೆಗೆ ಮೀನು ತಂದಿದ್ಳು."

"ಹುಲ್ಲೂ ಮೀನಾಗಿತ್ತಾ? ಕಾಮಕಸ್ತೂರಿ ಮೀನಾಗಿತ್ತಾ? ಮತ್ತೆ ಕೇಳಿಸ್ಕೋ. ಸೀಗಡಿ ತಂದಿದ್ದು ಅವರಲ್ಲ, ನಾನು. ಮಾಲೂರು ಸಂತೇಲಿ ನನ್ನ ಕೈಯಾರೆ ತಗೊಂಡೆ. ಆವತ್ತು ಸುಳ್ಳು ಹೇಳ್ದೆ."

ಅಮ್ಮ ಬೆಚ್ಚಿಬೀಳುತ್ತಾಳೆ, ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಅನ್ನ ಕಲಸುತ್ತಲೇ, "ಗೊತ್ತಿತ್ತು," ಅಂದಳು.

"ಏನು ಗೊತ್ತಿತ್ತು?"

"ನಿನ್ನ ಸ್ಕೂಲ್ ಚೀಲ ನಾರ್ತಿತ್ತು. ಸೀಗೆಪುಡಿ ಹಾಕಿ ಮೂರು ಸಲ ಒಗ್ದೆ. ಮದ್ವೆ ಆಗ್ಬೇಕಾಗಿರೋ ಹುಡುಗಿ, ನಿನ್ನ ಹೆಸರು ಹೊರಗೆ ಬಂದ್ರೆ ಗತಿ ಏನು? ಅವಳಾದ್ರೆ ಹೇಗೂ ಹೊರಗಿನೋಳು."

ನಾನು ಎದ್ದು ಕೈ ತೊಳೆದೆ. ಹತ್ತು ವರ್ಷ ನಾನು ಹೊತ್ತು ತಿರುಗಿದ ಸುಳ್ಳು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಕೇಳಿದಳು, ಅತ್ತಿಗೆಯ ಎದುರಿಗೇ ಕೇಳಿದಳು, ನಾನು ಏನು ಹೇಳುತ್ತೇನೆ ಅಂತ ಅಂದಾಜಿದ್ದೇ ಕೇಳಿದಳು. ಅಷ್ಟೆಲ್ಲ ಮಾಡಿ ನನ್ನನ್ನು ಕಾಪಾಡಿದೆ ಅಂದುಕೊಂಡಿದ್ದಾಳೆ. ನನ್ನ ಮದುವೆಯಂತೂ ಆಗಲೇ ಇಲ್ಲ.

ಮಾರನೆಯ ದಿನ ಬೆಳಗ್ಗೆ ಮಾಲೂರಿಗೆ ಹೋಗಿ ಎಲ್ಲವನ್ನೂ ಅತ್ತಿಗೆಗೆ ಹೇಳಿದೆ. ಅವರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಪಾಪ, ಆವಾಗ ನಂಗೆ ಕನ್ನಡ ಅಷ್ಟು ಬರ್ತಿರ್ಲಿಲ್ಲ. ಆದ್ರೆ 'ಗೊತ್ತಿಲ್ಲ' ಅನ್ನೋದು ಬರ್ತಿತ್ತು. ನೀನೇ ಕಲಿಸಿದ್ದೆ."

"ನನ್ನನ್ನ ಕ್ಷಮಿಸಿ ಅತ್ತಿಗೆ."

"ನೀನು ಚಿಕ್ಕೋಳು, ಹೆದರಿದ್ದೆ. ಅದನ್ನ ಯಾವತ್ತೋ ಬಿಟ್ಟೆ." ಇನ್ನೊಂದು ಮೆಣಸಿನಕಾಯಿಯ ತೊಟ್ಟು ಕಿತ್ತು, "ಅತ್ತೆಗೆ ಗೊತ್ತಿತ್ತು ಅನ್ನೋದು ಮಾತ್ರ ನಂಗೆ ಗೊತ್ತಿರ್ಲಿಲ್ಲ," ಅಂದರು.

ಅಣ್ಣ ಒಳಗಿನಿಂದ ಬಂದು, "ಹಳೇದೆಲ್ಲ ಯಾಕೆ ಕೆದಕ್ತೀಯಾ? ಮನೇಲಿ ಜಗಳ ಬೇಡ ಅಂತ ನಾನು ಸುಮ್ನಿದ್ದೆ," ಅಂದ. ಆ ಸಾರನ್ನು ನೀನೂ ಕುಡಿದೆಯಲ್ಲ, ನಿಂತುಕೊಂಡು, ಬಾಗಿಲು ನೋಡಿಕೊಂಡು ಅಂದೆ. ಅವನು ಅಂಗಿ ಹಾಕಿಕೊಂಡು ಹೊರಗೆ ಹೋದ.

ಮುಂದಿನ ಭಾನುವಾರ ಅತ್ತಿಗೆ ಮುಳಬಾಗಿಲಿಗೆ ಬಂದರು, ಒಬ್ಬರೇ. ಮನೆ ಬಿಟ್ಟ ಮೇಲೆ ಆ ಬಾಗಿಲಿಗೆ ಬಂದದ್ದು ಅದೇ ಮೊದಲು. ಚಪ್ಪಲಿ ಬಿಟ್ಟು, ಕಾಲು ತೊಳೆದು, ನಡುಮನೆಯಲ್ಲಿ ಅಮ್ಮನ ಎದುರು ಕೂತರು.

"ಆವತ್ತು ನಿಮಗೆ ಗೊತ್ತಿತ್ತಾ ಅತ್ತೆ?"

ಅಮ್ಮ ಸೆರಗಿನ ಅಂಚು ತಿರುವುತ್ತ ಕೂತಳು. ಅತ್ತಿಗೆ ಕಾದರು. ಕೊನೆಗೆ ಅಮ್ಮ, "ಅಡುಗೆ ಆಗಿದೆ. ಒಳಗೆ ಬಾ, ಬಡಿಸ್ತೀನಿ. ಊಟ ಮಾಡ್ಕೊಂಡು ಹೋಗು," ಅಂದಳು.

ಒಳಗೆ ಬಾ ಅಂದಳು. ಆ ಮಾತಿಗಾಗಿ ಅತ್ತಿಗೆ ಒಂದು ಕಾಲದಲ್ಲಿ ಎಷ್ಟು ಹಂಬಲಿಸಿದ್ದರೋ ನಾನು ಬಲ್ಲೆ.

"ನಂದು ಊಟ ಆಗಿದೆ ಅತ್ತೆ," ಅಂದರು ಅತ್ತಿಗೆ. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ. ಎದ್ದು ಕೈ ಮುಗಿದು ಹೊರಟರು.

ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದೆ. ದಾರಿಯಲ್ಲಿ ಅವರಿಗೆ ಬಾಳೆಹಣ್ಣು ಕೊಡಿಸಿದೆ, ನಿಂತಲ್ಲೇ ಎರಡು ತಿಂದರು. ಕೋಲಾರದ ಬಸ್ಸು ಬಂತು, ಕಿಟಕಿಯ ಸೀಟು ಸಿಕ್ಕಿತು, ಹೋದರು. ನಾನು ಮನೆಗೆ ಬಂದಾಗ ಅಮ್ಮ ಎರಡು ಎಲೆ ಹಾಕಿಕೊಂಡು ಕಾಯುತ್ತಿದ್ದಳು. ನನಗೆ ಹಸಿವಿಲ್ಲ ಅಂದೆ. ಅವಳೊಬ್ಬಳೇ ಕೂತು ಬಡಿಸಿಕೊಂಡಳು.